ಪಕ್ಕದ ಖಾಲಿ ಜಾಗಕ್ಕೆ ಅಪಾರ್ಟ್‌ಮೆಂಟ್ ಬಂದ್ರೆ?

ಪ್ರಶ್ನೆ: ಮೇಡಂ, ನಮ್ಮ ಲೇಔಟ್ ಪಕ್ಕದ ಖಾಲಿ ಜಾಗದಲ್ಲಿ ದೊಡ್ಡ ಅಪಾರ್ಟ್‌ಮೆಂಟ್ ಬರುತ್ತಂತೆ. ಈಗ್ಲೇ ಬೇಸಿಗೇಲಿ ಬೋರ್‌ವೆಲ್ ಬತ್ತಿ ಟ್ಯಾಂಕರ್‌ಗೆ ಕಾಯ್ತೀವಿ, ಮಳೆ ಬಂದ್ರೆ ರಾಜಕಾಲುವೆ ಉಕ್ಕಿ ಮೂರನೇ ಕ್ರಾಸಲ್ಲಿ ಮನೆ ಮೆಟ್ಟಿಲ ತನಕ ನೀರು, ಕೆಲವರು ಮಾತ್ರ ಸೈಟ್ ರೇಟ್ ಏರುತ್ತೆ ಸುಮ್ನಿರಿ ಅಂತಾರೆ. ನಮ್ಮನ್ನ ಕೇಳ್ದೇ ಕಟ್ಟಬಹುದಾ?
– ಓದುಗರು, ಬೆಂಗಳೂರು

ಉತ್ತರ: ನಿಮ್ಮ ಸಂಕಟ ಅರ್ಥ ಆಗುತ್ತೆ. ಕಟ್ಟಡದ ಒಟ್ಟು ವಿಸ್ತೀರ್ಣ 20,000 ಚದರ ಮೀಟರ್ ಮುಟ್ಟಿದ್ರೆ ಕೇಂದ್ರ ಸರ್ಕಾರದ 2006ರ ಪರಿಸರ ಪರಿಣಾಮ ಅಂದಾಜು (ಇಐಎ) ಅಧಿಸೂಚನೆ ಪ್ರಕಾರ ಪರಿಸರ ಅನುಮತಿ ಬೇಕೇ ಬೇಕು, ಆದ್ರೆ ಇಂಥ ವಸತಿ ಯೋಜನೆಗಳಿಗೆ ಸಾರ್ವಜನಿಕ ಅಹವಾಲು, ಅಂದ್ರೆ ಸುತ್ತಲಿನ ಜನರ ಮಾತು ಕೇಳೋ ಸಭೆ, ಕಡ್ಡಾಯ ಇಲ್ಲ, ಇದು ನನಗೆ ತುಂಬಾ ಬೇಜಾರಿನ ವಿಷ್ಯ, ಯಾಕಂದ್ರೆ ನೀರು ಎಲ್ಲಿ ನಿಲ್ಲುತ್ತೆ ಅಂತ ಗೊತ್ತಿರೋದು ಅಲ್ಲೇ ಇರೋರಿಗೆ. ಹಾಗಂತ ಕೈಕಟ್ಟಿ ಕೂರ್ಬೇಡಿ. ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ವೆಬ್‌ಸೈಟಲ್ಲಿ ಪ್ರಾಜೆಕ್ಟ್ ನೋಂದಣಿ ಆಗಿದ್ಯಾ ನೋಡಿ, ಮಂಜೂರಾದ ನಕ್ಷೆ ಸಿಕ್ಕಿದ್ರೆ ರಾಜಕಾಲುವೆಯಿಂದ ಎಷ್ಟು ಜಾಗ ಬಿಟ್ಟಿದ್ದಾರೆ, ಕೊಳಚೆ ಶುದ್ಧೀಕರಣ ಘಟಕ ಎಲ್ಲಿ ಬರುತ್ತೆ ಅಂತ ಮೊದ್ಲು ಹುಡುಕಿ. ಸಿಗದಿದ್ರೆ 10 ರೂಪಾಯಿ ಕಟ್ಟಿ ಮಾಹಿತಿ ಹಕ್ಕಲ್ಲಿ ಕೇಳಿ, 30 ದಿನದಲ್ಲಿ ಉತ್ತರ ಕೊಡ್ಬೇಕು. ಒಂದು ಅರ್ಜೀಲಿ ಒಂದೇ ವಿಷ್ಯ ಇರ್ಲಿ, 150 ಪದ ದಾಟ್ಬೇಡಿ. ಮೂರನೇ ಕ್ರಾಸಲ್ಲಿ ನೀರು ನಿಂತ ಫೋಟೋಗಳನ್ನ ತಾರೀಖು ಸಮೇತ ಎತ್ತಿಡಿ, ಅನುಮತಿ ಕೊಡೋ ಕಚೇರಿಗೆ ಆಕ್ಷೇಪಣೆ ಬರೆದು ಅದರ ಜೊತೆ ಲಗತ್ತಿಸಿ. ರೇಟ್ ಏರುತ್ತೆ ಅನ್ನೋರನ್ನೂ ದೂರ ಇಡ್ಬೇಡಿ, ಟ್ಯಾಂಕರ್ ದುಡ್ಡು ಅವ್ರೂ ಕಟ್ತಾರಲ್ವಾ, ಆಕ್ಷೇಪಣೆಗೆ ಸಹಿ ಕೇಳಿ.