ಓದುಗರ ಪ್ರಶ್ನೆ: ಕುದುರೆಗೆ ದಾರಿ, ಸೈಕಲ್ಲಿಗೆ ತಡೆ

ಅಮೆರಿಕದ ವೈಲ್ಡರ್‌ನೆಸ್ ಪ್ರದೇಶಗಳ ಚಾರಣ, ಪರ್ಮಿಟ್ ಹಾಗೂ ನಿಷೇಧಗಳ ಬಗ್ಗೆ ಬಂದ ಪ್ರಶ್ನೆಗಳಿಗೆ ಈ ಸಲದ ಅಂಕಣ ಮೀಸಲು.

ಪ್ರಶ್ನೆ: ನ್ಯಾಷನಲ್ ಪಾರ್ಕ್ ಮತ್ತು ವೈಲ್ಡರ್‌ನೆಸ್ ಎರಡೂ ಒಂದೇ ಅಲ್ಲವೆ?

ಅಲ್ಲ. ನೆಲ ಕಾಡಾಗಿಯೇ ಉಳಿಯಲೆಂದು ಸರ್ಕಾರಿ ಜಮೀನಿನ ಮೇಲೆ ಅಲ್ಲಿನ ಸಂಸತ್ತು ಹೊದಿಸುವ ಇನ್ನೊಂದು ಕಾನೂನಿನ ಪದರ ವೈಲ್ಡರ್‌ನೆಸ್. ಅಡಿಯ ನೆಲ ಅರಣ್ಯ ಸೇವೆಯದಿರಬಹುದು, ಪಾರ್ಕ್ ಸೇವೆಯದಿರಬಹುದು, ಮೀನು-ವನ್ಯಜೀವಿ ಸೇವೆಯದೋ ಭೂ ನಿರ್ವಹಣಾ ಬ್ಯೂರೋದ್ದೋ ಆಗಿರಬಹುದು. ಯೊಸೆಮಿಟಿ ಪಾರ್ಕಿನ ಕಣಿವೆಯಲ್ಲಿ ರಸ್ತೆ, ಹೋಟೆಲು, ಬಸ್ಸು ಎಲ್ಲವೂ ಇವೆ. ಅದೇ ಪಾರ್ಕಿನ ಶೇ. 90ಕ್ಕೂ ಹೆಚ್ಚು ಭಾಗ ವೈಲ್ಡರ್‌ನೆಸ್, ಅಲ್ಲಿ ಇದ್ಯಾವುದೂ ಇಲ್ಲ. 1964ರ ಸೆಪ್ಟೆಂಬರ್ 3ರಂದು ಅಧ್ಯಕ್ಷ ಲಿಂಡನ್ ಜಾನ್ಸನ್ ವೈಲ್ಡರ್‌ನೆಸ್ ಕಾಯ್ದೆಗೆ ಸಹಿ ಹಾಕಿದಾಗ ಇದ್ದದ್ದು ಸುಮಾರು 91 ಲಕ್ಷ ಎಕರೆ. ಈಗ 11 ಕೋಟಿ ಎಕರೆ ದಾಟಿದೆ. ಅದರಲ್ಲಿ ಸುಮಾರು ಅರ್ಧ ಅಲಾಸ್ಕದಲ್ಲೇ ಇದೆ.

ಪ್ರಶ್ನೆ: ನೂರಾರು ಕಿಲೋ ತೂಗುವ ಕುದುರೆ ಓಡಾಡಬಹುದು, ಸೈಕಲ್ ಮಾತ್ರ ಬೇಡ. ಇದೆಂಥ ಪರಿಸರ ಪ್ರೇಮ?

ಮಣ್ಣಿನ ಲೆಕ್ಕವೊಂದನ್ನೇ ಹಿಡಿದರೆ ನಿಮ್ಮ ಆಕ್ಷೇಪ ಸರಿ. ಲಾಳ ಕಟ್ಟಿದ ಗೊರಸು ಹಾದಿಯ ಮೇಲ್ಮಣ್ಣನ್ನು ಸಡಿಲಿಸುವಷ್ಟು ಸೈಕಲ್ ಟೈರು ಸಡಿಲಿಸುವುದಿಲ್ಲ. ಮೇವಿನ ಜೊತೆ ಕಳೆ ಬೀಜವೂ ಒಳಗೆ ಬರುತ್ತದೆ. ಅದಕ್ಕೇ ಎಷ್ಟೋ ನ್ಯಾಷನಲ್ ಫಾರೆಸ್ಟ್‌ಗಳಲ್ಲಿ ಕಳೆ ಬೀಜವಿಲ್ಲವೆಂದು ಪ್ರಮಾಣೀಕರಿಸಿದ ಮೇವನ್ನೇ ಒಯ್ಯಬೇಕು.

ಆದರೆ ಕಾಯ್ದೆ ಅಳೆಯುವುದು ಮಣ್ಣನ್ನಲ್ಲ, ಆ ಜಾಗದ ಗುಣವನ್ನು. ಯಂತ್ರದ ನೆರವಿಲ್ಲದೆ ಹೋಗುವವನಿಗೆ ಕಾಡು ಎಷ್ಟು ದೊಡ್ಡದಾಗಿ, ಎಷ್ಟು ನಿಧಾನವಾಗಿ ಎದುರಾಗುತ್ತದೋ ಹಾಗೇ ಉಳಿಯಲಿ ಎಂಬುದು ಅದರ ಆಶಯ. ಮೋಟಾರು ವಾಹನ, ಮೋಟಾರು ಉಪಕರಣ, ವಿಮಾನ ಇಳಿಸುವುದು, ‘ಯಾಂತ್ರಿಕ ಸಾಗಣೆ’ ಎಲ್ಲವೂ ನಿಷಿದ್ಧ. ತಕರಾರು ಇರುವುದು ಈ ಕೊನೆಯ ಪದದ ಬಗ್ಗೆ. ಅರಣ್ಯ ಸೇವೆಯ ಮೊದಮೊದಲ ನಿಯಮದಲ್ಲಿ ಇದಕ್ಕೆ ನಿರ್ಜೀವ ಶಕ್ತಿಯಿಂದ ಓಡುವ ಸಾಧನ ಎಂಬ ಅರ್ಥವಿತ್ತು, ಆ ಲೆಕ್ಕಕ್ಕೆ ಸೈಕಲ್ ಬರುತ್ತಿರಲಿಲ್ಲ. 1984ರಲ್ಲಿ ಸೈಕಲ್ ಸಲ್ಲದು ಎಂದು ಸ್ಪಷ್ಟವಾಯಿತು. ಗಾಲಿಕುರ್ಚಿಗೆ ಅಡ್ಡಿಯಿಲ್ಲ, 1990ರ ಅಂಗವಿಕಲರ ಕಾಯ್ದೆ ಅದನ್ನು ಬಾಯಿಬಿಟ್ಟು ಹೇಳಿದೆ.

ಅಂದಹಾಗೆ ಈ ನಿಯಮ ಸಿಬ್ಬಂದಿಗೂ ಅನ್ವಯ. ಹಾದಿಗೆ ಮರ ಬಿದ್ದರೆ ಸಾಮಾನ್ಯವಾಗಿ ಇಬ್ಬರು ಎಳೆಯುವ ಕೈಗರಗಸದಿಂದಲೇ ಕೊಯ್ಯಬೇಕು. ಯಂತ್ರದ ಗರಗಸ ಬೇಕೇ ಬೇಕೆಂದರೆ, ಬೇರೆ ದಾರಿಯಿಲ್ಲ ಎಂದು ಮೊದಲು ಕಾಗದದ ಮೇಲೆ ಸಮರ್ಥಿಸಬೇಕು.

ಪ್ರಶ್ನೆ: ಜನರನ್ನು ಅರ್ಧಕ್ಕಿಳಿಸಿದರೆ ಹಾನಿಯೂ ಅರ್ಧವಾಗುತ್ತದಲ್ಲ? ಪರ್ಮಿಟ್‌ಗೆ ಲಾಟರಿ ಇಟ್ಟಿರುವುದು ಅದಕ್ಕೇ ತಾನೆ?

ಹೆಚ್ಚಿನವರು ಎಡವುವುದು ಇಲ್ಲೇ. ತುಳಿತಕ್ಕೂ ಹಾನಿಗೂ ನೇರ ಅನುಪಾತವಿಲ್ಲ. ಯಾರೂ ಕಾಲಿಡದ ಹುಲ್ಲುಗಾವಲಿನಲ್ಲಿ ಮೊದಲ ಕೆಲವು ರಾತ್ರಿ ಡೇರೆ ಹಾಕಿದರೆ ಸಾಕು, ಗಿಡ ಸಾಯುವುದರಲ್ಲಿ ಬಹುಪಾಲು ಆಗಲೇ ಮುಗಿದಿರುತ್ತದೆ. ನೆಲ ಬೋಳಾದ ಮೇಲೆ ಐವತ್ತು ಜನ ಬಂದರೂ ನೂರು ಜನ ಬಂದರೂ ಹೆಚ್ಚುವರಿ ನಷ್ಟ ಸ್ವಲ್ಪವೇ. ಆದ್ದರಿಂದ ಕೆಟ್ಟುಹೋದ ತಾಣಕ್ಕೆ ಬರುವವರನ್ನು ಅರ್ಧ ಮಾಡಿದರೂ ಅದು ಚಿಗುರುವುದಿಲ್ಲ. ಅಲ್ಲಿಂದ ಅಟ್ಟಿದ ಅರ್ಧ ಜನ ಹೊಸ ಜಾಗ ಹುಡುಕಿಕೊಂಡರಂತೂ ಒಂದು ಹುಣ್ಣು ಎರಡಾಗುತ್ತದೆ. ಹಾಳಾಗಲು ಒಂದು ಬೇಸಿಗೆ ಸಾಕು, ಮರ ಬೆಳೆಯದ ಎತ್ತರದಲ್ಲಿ ಸರಿಹೋಗಲು ದಶಕಗಳು ಬೇಕು.

ಮಿನೆಸೋಟದ ಸರೋವರಗಳ ವೈಲ್ಡರ್‌ನೆಸ್ ಬೌಂಡರಿ ವಾಟರ್ಸ್ ನೋಡಿ. ಮೇ 1ರಿಂದ ಸೆಪ್ಟೆಂಬರ್ 30ರವರೆಗೆ ಪ್ರತಿ ಪ್ರವೇಶದ್ವಾರಕ್ಕೂ ದಿನದ ಕೋಟಾ ಇದೆ, ಒಂದು ತಂಡದಲ್ಲಿ 9 ಜನ, 4 ದೋಣಿ ಮೀರುವಂತಿಲ್ಲ. ಇದು ಗದ್ದಲಕ್ಕೆ ಮದ್ದು. ನೆಲಕ್ಕೆ ಮದ್ದು ಬೇರೆಯೇ: ಆ ಅವಧಿಯಲ್ಲಿ ಗೊತ್ತುಮಾಡಿದ ತಾಣದಲ್ಲೇ ಡೇರೆ ಹಾಕಬೇಕು, ಅಲ್ಲಿ ಕಬ್ಬಿಣದ ಒಲೆ ಮತ್ತು ಕಕ್ಕಸುಗುಂಡಿ ಇರುತ್ತವೆ. ‘ಕಟ್ಟಡ ಬೇಡ’ ಎನ್ನುವ ಕಾಡಿನಲ್ಲೂ ಇಷ್ಟಕ್ಕೆ ಒಪ್ಪಿರುವುದು, ಹಾನಿಯನ್ನು ಒಂದೇ ಕಡೆ ಕಟ್ಟಿಹಾಕಲಿಕ್ಕೆ. ಇನ್ನು ಯೊಸೆಮಿಟಿಯ ಬಂಡೆಶಿಖರ ಹಾಫ್ ಡೋಮ್‌ಗೆ ಕೇಬಲ್ ಹಿಡಿದು ಹತ್ತುವ ದಾರಿಗೆ ದಿನಕ್ಕೆ 300 ಜನ ಎಂಬ ಮಿತಿಗೂ ಮಣ್ಣಿಗೂ ಹೆಚ್ಚು ಸಂಬಂಧವಿಲ್ಲ. ಅಲ್ಲಿರುವುದು ಬರೀ ಗ್ರಾನೈಟ್. ಗುಡುಗು ಶುರುವಾದಾಗ ಕೇಬಲ್ ಮೇಲೆ ಜನ ಒತ್ತಾಗಿ ನಿಂತಿದ್ದರೆ ಬೇಗ ಇಳಿಯಲಾಗುವುದಿಲ್ಲ, ಒದ್ದೆ ಬಂಡೆ ಜಾರುತ್ತದೆ. ಭಯ ಅದರದ್ದು.

ಪ್ರಶ್ನೆ: ಹಾದಿಗಳಲ್ಲಿ ಕೊರಕಲು ಬೀಳುವುದು ಜನ ಹೆಚ್ಚಾಗಿದ್ದಕ್ಕೋ?

ಮುಖ್ಯ ಕಾರಣ ನೀರು. ಜನ ಹುಲ್ಲು ಸವೆಸಿ ನೀರಿಗೆ ದಾರಿ ಮಾಡಿಕೊಡುತ್ತಾರೆ, ಅಷ್ಟೆ. ಗುಡ್ಡದ ನೆತ್ತಿಗೆ ನೆಟ್ಟಗೆ ಏರುವ ಹಾದಿ ಮಳೆ ಬಂದಾಗ ಕಾಲುವೆಯಾಗುತ್ತದೆ. ಹಾದಿ ಕಡಿಯುವವರ ಹಳೆಯ ಅಳತೆ ಹೀಗಿದೆ: ಹಾದಿಯ ಏರು, ಪಕ್ಕದ ಗುಡ್ಡದ ಇಳಿಜಾರಿನ ಅರ್ಧ ಮೀರಬಾರದು. ಗುಡ್ಡ ಶೇ. 16 ಇದ್ದರೆ ಹಾದಿ ಶೇ. 8. ಗುಡ್ಡ ಎಷ್ಟೇ ಕಡಿದಾಗಿದ್ದರೂ ಸರಾಸರಿ ಶೇ. 10ರ ಆಸುಪಾಸಿನಲ್ಲಿರಲಿ. ಹೊರ ಅಂಚಿನ ಕಡೆಗೆ ಶೇ. 5ರಷ್ಟು ವಾಟ ಕೊಡಬೇಕು. ಏರುವ ಹಾದಿಯನ್ನು ಆಗಾಗ ಕೆಲವು ಹೆಜ್ಜೆ ಇಳಿಸಿ ಮತ್ತೆ ಏರಿಸಿದರೆ ಆ ತಗ್ಗಿನಲ್ಲಿ ನೀರು ಹೊರಗೆ ಬಿದ್ದುಹೋಗುತ್ತದೆ. ಅಡ್ಡ ದಿಮ್ಮಿ ಹೂಳುವ ಪದ್ಧತಿಯೂ ಉಂಟು. ಅದರ ಹಿಂದೆ ಹೂಳು ತುಂಬಿದರೆ ನೀರು ಮೇಲಿಂದಲೇ ಹಾರುತ್ತದೆ, ಹಾಗಾಗಿ ಬಿಡದೆ ಬಗೆಯಬೇಕು.

ಸಮತಟ್ಟು ಜಾಗ ಇನ್ನೂ ತೊಡಕು. ನೀರು ಹೋಗಲು ಕಡೆಯಿಲ್ಲದೆ ಕೆಸರಾಗುತ್ತದೆ, ಜನ ಶೂ ಉಳಿಸಿಕೊಳ್ಳಲು ಬದಿಯಲ್ಲಿ ನಡೆಯುತ್ತಾರೆ, ಒಂದು ಹಾದಿ ಮೂರಾಗುತ್ತದೆ. ಕೆಸರಿನ ನಡುವೆಯೇ ನಡೆಯಿರಿ.

ತಿರುವು ಕತ್ತರಿಸಿ ಜನ ಮಾಡಿಕೊಂಡ ಅಡ್ಡದಾರಿ ಮುಚ್ಚಲು ಬರೀ ಫಲಕ ಸಾಲದು. ಗಟ್ಟಿಯಾದ ಮಣ್ಣನ್ನು ಕೆದಕಿ ಸಡಿಲಿಸಿ, ಅಲ್ಲಿಯದೇ ಗಿಡ ನೆಟ್ಟು, ಒಣ ಕೊಂಬೆಗಳನ್ನು ನಿಲ್ಲಿಸಿ ಹೂಳುತ್ತಾರೆ. ಕವಲಿನಲ್ಲಿ ನಿಂತವರ ಕಣ್ಣಿಗೆ ಬೀಳುವ ಮೊದಲ ಕೆಲವು ಮೀಟರ್ ಚೆನ್ನಾಗಿ ಮರೆಸಬೇಕು. ದಾರಿ ಕಾಣದಿದ್ದರೆ ಯಾರೂ ತುಳಿಯುವುದಿಲ್ಲ.

ಪ್ರಶ್ನೆ: ಹಾಗಾದರೆ ಡೇರೆ ಹಳೆಯ ಜಾಗದಲ್ಲೋ, ಹೊಸ ಜಾಗದಲ್ಲೋ?

ಜನ ಬರುವ ಕಡೆ, ಆಗಲೇ ಬೋಳಾದ ಜಾಗದಲ್ಲೇ, ಅದರ ಅಂಚು ದಾಟದಂತೆ. ಯಾರೂ ಹೋಗದ ಕಡೆಯಾದರೆ ಬಂಡೆ, ಜಲ್ಲಿ ಅಥವಾ ಒಣಹುಲ್ಲಿನ ಮೇಲೆ ಒಂದೇ ರಾತ್ರಿ, ಮರುದಿನ ಬೇರೆ ಕಡೆ. ಎಲ್ಲಕ್ಕಿಂತ ಕೆಟ್ಟ ಆಯ್ಕೆ, ಹುಲ್ಲು ಆಗಷ್ಟೇ ಬಾಗಿರುವ ನಡುವಿನ ಜಾಗ. ಬಿಟ್ಟರೆ ಅದು ಎದ್ದು ನಿಲ್ಲುತ್ತದೆ, ನೀವೂ ಮಲಗಿದರೆ ಇಲ್ಲ. ತಾಣ ಗೊತ್ತುಮಾಡಿಲ್ಲದ ಕಡೆ ನೀರಿನಿಂದ 200 ಅಡಿ, ಅಂದರೆ 60 ಮೀಟರ್ ದೂರವಿರಿ.

ಪ್ರಶ್ನೆ: ಮಲವಿಸರ್ಜನೆಗೆ ಗುಂಡಿ ತೋಡಿದರೆ ಸಾಕೆ?

ಕಪ್ಪು ಮಣ್ಣಿನ ಕಾಡಿನಲ್ಲಿ ಸಾಕು. 15ರಿಂದ 20 ಸೆಂಟಿಮೀಟರ್ ಆಳ, ನೀರು, ಹಾದಿ, ಬಿಡಾರ ಮೂರರಿಂದಲೂ 60 ಮೀಟರ್ ದೂರ. ಅದಕ್ಕಿಂತ ಆಳಕ್ಕೆ ಹೋದರೆ ಕೊಳೆಸುವ ಜೀವಿಗಳು ಕಡಿಮೆ, ಮೇಲೇ ಬಿಟ್ಟರೆ ಪ್ರಾಣಿಗಳು ಕೆದಕುತ್ತವೆ. ಕಾಗದವನ್ನು ಚೀಲದಲ್ಲಿ ವಾಪಸ್ ತನ್ನಿ. ಮರಳುಗಾಡಿನಲ್ಲೂ ಹಿಮದೆತ್ತರದಲ್ಲೂ ಕೊಳೆಯುವುದು ತೀರಾ ನಿಧಾನ. ಕ್ಯಾಲಿಫೋರ್ನಿಯದ ಎತ್ತರದ ಶಿಖರ ಮೌಂಟ್ ವಿಟ್ನಿಯಲ್ಲಿ ಪರ್ಮಿಟ್ ಪಡೆದವರು ಮಲವನ್ನೂ ಮೊಹರು ಮಾಡುವ ಚೀಲದಲ್ಲಿ ಹೊತ್ತು ತರಲೇಬೇಕು. ಒಳಗಿನ ಪುಡಿ ದ್ರವವನ್ನು ಗಟ್ಟಿ ಮಾಡುತ್ತದೆ, ನಾತ ತಡೆಯುತ್ತದೆ. ಆದರೂ ಆ ಚೀಲವನ್ನು ಬೆನ್ನುಚೀಲದ ಹೊರಗೆ ಕಟ್ಟಿಕೊಳ್ಳಿ, ಊಟದ ಪಕ್ಕ ಬೇಡ.