ದೈತ್ಯ ಕಪ್ಪುಕುಳಿಯ ಸುತ್ತಲಿನ ಅನಿಲದ ತಟ್ಟೆಯನ್ನು ನಕ್ಷತ್ರವೊಂದು ಹಾದುಹೋದರೆ ಏನಾಗುತ್ತದೆ?

ನಕ್ಷತ್ರ ಅಲ್ಲೇ ಪುಡಿಯಾಗುತ್ತದೆ ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ಹಾಗೇನಿಲ್ಲ. ನಕ್ಷತ್ರದ ಮುಂದೆ ಆ ಅನಿಲ ತೀರಾ ತೆಳು. ಹಾಗಾಗಿ ನಕ್ಷತ್ರ ಸೀಳಿಕೊಂಡು ಆಚೆ ಬರುತ್ತದೆ, ಹೆಚ್ಚೆಂದರೆ ಹೊರಪದರ ಒಂದಿಷ್ಟು ಕಿತ್ತುಹೋಗುತ್ತದೆ. ಪೆಟ್ಟು ಬೀಳುವುದು ಅನಿಲಕ್ಕೆ. ಸೆಕೆಂಡಿಗೆ ಸಾವಿರಾರು ಕಿಲೋಮೀಟರ್ ವೇಗ ಅಂದ್ರೆ ಸುಮ್ನೆ ಅಲ್ಲ. ಬಡಿತಕ್ಕೆ ಕಾದ ಅನಿಲ ತಟ್ಟೆಯ ಎರಡೂ ಬದಿಗೆ ಚಿಮ್ಮಿ ಎಕ್ಸ್-ರೇ ಸೂಸುತ್ತದೆ.

2019ರಲ್ಲಿ ದೂರದ ಗ್ಯಾಲಕ್ಸಿಯೊಂದರ ನಡುವೆ ಸಿಕ್ಕಿದ ಎಟಿ2019ಕ್ಯೂಐಝಡ್ ಎಂಬ ಬೆಳಕಿನ ಸ್ಫೋಟ ನೋಡಿ. ಅಲ್ಲಿನ ಕಪ್ಪುಕುಳಿ ಒಂದು ನಕ್ಷತ್ರವನ್ನು ಹರಿದುಹಾಕಿತು. ಅದರ ಚೂರುಪಾರೇ ತಟ್ಟೆಯಾಗಿ ಹರಡಿತು. ಕೆಲವು ವರ್ಷ ಬಿಟ್ಟು ನೋಡಿದರೆ, ಸುಮಾರು 48 ಗಂಟೆಗೊಮ್ಮೆ ಎಕ್ಸ್-ರೇ ಮಿಂಚು! ಇನ್ನೊಂದು ನಕ್ಷತ್ರವೋ ಚಿಕ್ಕ ಕಪ್ಪುಕುಳಿಯೋ ಆ ತಟ್ಟೆಯನ್ನು ಮತ್ತೆ ಮತ್ತೆ ತೂರಿ ಹೋಗುತ್ತಿದೆ ಎಂಬುದು ಸಂಶೋಧಕರ ವಿವರಣೆ. ಬೇರೆ ವಿವರಣೆಗಳೂ ಇವೆ, ನನಗೆ ಇದೇ ಜಾಸ್ತಿ ಒಪ್ಪಿಗೆಯಾಗುತ್ತದೆ. ಅಂದಹಾಗೆ, ಇದನ್ನು ಗಮನಿಸಿದ ದೂರದರ್ಶಕಗಳಲ್ಲಿ ಇಸ್ರೋದ ಆಸ್ಟ್ರೋಸ್ಯಾಟ್ ಕೂಡ ಒಂದು.

ಆದರೆ ಪ್ರತಿ ಸಲ ತೂರಿದಾಗಲೂ ನಕ್ಷತ್ರದ ಶಕ್ತಿ ಚೂರುಚೂರೇ ಕರಗುತ್ತದೆ, ಕೆಸರುಗದ್ದೆಯಲ್ಲಿ ನಡೆದು ಕಾಲು ಸೋತ ಹಾಗೆ. ಓರೆಯಾಗಿದ್ದ ಕಕ್ಷೆ ನಿಧಾನಕ್ಕೆ ತಟ್ಟೆಯ ಮಟ್ಟಕ್ಕೆ ಬಾಗುತ್ತದೆ. ತಟ್ಟೆ ಸಾಕಷ್ಟು ದಟ್ಟವಾಗಿದ್ದು ಬಹಳ ಕಾಲ ಉಳಿದರೆ ಕೊನೆಗೆ ನಕ್ಷತ್ರ ಅದರೊಳಗೇ ಸಿಕ್ಕಿಬೀಳುತ್ತದೆ. ಆಮೇಲೆ ಸುತ್ತಲಿನ ಅನಿಲವನ್ನೇ ನುಂಗಿ ಊದಬಹುದು.

ಉಲ್ಟಾ ಕೂಡ ನಡೆಯುತ್ತದೆ, ತಟ್ಟೆಯೇ ನಕ್ಷತ್ರಗಳನ್ನು ಹೆರುತ್ತದೆ. ನಮ್ಮ ಕ್ಷೀರಪಥದ ನಡುವಿನ ದೈತ್ಯ ಕಪ್ಪುಕುಳಿ ಸ್ಯಾಜಿಟೇರಿಯಸ್ ಎ* ಸುತ್ತ ಕೆಲವೇ ಮಿಲಿಯನ್ ವರ್ಷದ ಎಳೆಯ ನಕ್ಷತ್ರಗಳಿವೆ. ಅವುಗಳಲ್ಲಿ ಹಲವು ಹಿಂದೆ ಅಲ್ಲಿದ್ದ ಅನಿಲದ ತಟ್ಟೆಯಲ್ಲೇ ಹುಟ್ಟಿರಬೇಕು.