"ನಾವಂತೂ ಹೇಳಿಕೊಟ್ಟಿಲ್ಲ"

(ಆಪ್ತಸಮಾಲೋಚನೆಗೆಂದು ನನ್ನ ಬಳಿ ಬಂದ ಒಂದು ಕುಟುಂಬದ ಕಥೆ. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಹುಡುಗನಿಗೆ 9 ವರ್ಷ. ಪಕ್ಕದ ಮನೆಯ ಹುಡುಗನನ್ನು ಮೆಟ್ಟಿಲಿಂದ ತಳ್ಳಿದ್ದ. ಆ ಮಗುವಿನ ತುಟಿ ಒಡೆದಿತ್ತು. "ಇವನಿಗೆ ಸ್ವಲ್ಪ ಬುದ್ಧಿ ಹೇಳಿ ಮೇಡಂ. ನಾವಂತೂ ಇಂಥದ್ದು ಹೇಳಿಕೊಟ್ಟಿಲ್ಲ" ಎಂದರು ತಂದೆ.

ಹುಡುಗನನ್ನು ಒಬ್ಬನೇ ಕೂರಿಸಿ, ಮನೆ ಬಿಡಿಸು ಅಂದೆ. ಪಕ್ಕದ ಮನೆಯನ್ನೂ ಬಿಡಿಸಿದ. ನಡುವಿನ ಕಾಂಪೌಂಡನ್ನು ಮಾತ್ರ ಪೆನ್ಸಿಲ್ ಒತ್ತಿ ಒತ್ತಿ ಕಪ್ಪು ಮಾಡಿದ. "ಅವರು ಬೇಕಂತಲೇ ನಮ್ಮ ಗೇಟಿಗೆ ಅಡ್ಡ ಕಾರು ನಿಲ್ಲಿಸ್ತಾರೆ. ಒಂದ್ಸಲ ಸರಿಯಾಗಿ ಕೊಡಬೇಕು ಅಂತ ಅಪ್ಪ ದಿನಾ ಹೇಳ್ತಾರೆ."

ಆಮೇಲೆ ಇದನ್ನು ಹೇಳಿದಾಗ ತಂದೆ ನಕ್ಕುಬಿಟ್ಟರು. "ಊಟಕ್ಕೆ ಕೂತಾಗ ಸುಮ್ನೆ ಅಂದಿದ್ದು!" ಸುಮ್ನೆ ಅಂದಿದ್ದು ಅಂತ ಮಗುವಿಗೆ ಹೇಗೆ ಗೊತ್ತಾಗಬೇಕು, ಅಲ್ವಾ? 1961ರಲ್ಲಿ ಮನೋವಿಜ್ಞಾನಿ ಆಲ್ಬರ್ಟ್ ಬಂಡೂರ ಮಾಡಿದ ಪ್ರಯೋಗವನ್ನು ಅವರಿಗೆ ಹೇಳಿದೆ. ಗಾಳಿ ತುಂಬಿದ ಬೊಂಬೆಯೊಂದನ್ನು ದೊಡ್ಡವರು ಸುತ್ತಿಗೆಯಿಂದ ಹೊಡೆಯುವುದನ್ನು ಕೆಲವು ಮಕ್ಕಳಿಗೆ ತೋರಿಸಿದರು. ಆಮೇಲೆ ಬೊಂಬೆ ಕೈಗೆ ಸಿಕ್ಕಾಗ ಎಷ್ಟೋ ಮಕ್ಕಳು ಹಾಗೇ ಹೊಡೆದರು, ದೊಡ್ಡವರು ಆಡಿದ ಮಾತುಗಳನ್ನೂ ಆಡಿದರು. ಅವರಿಗೂ ಯಾರೂ ಹೇಳಿಕೊಟ್ಟಿರಲಿಲ್ಲ.

ಮಗನಿಗೆ ಉಪದೇಶ ಬೇಡ, ಕಾರಿನ ವಿಷಯ ನೀವೇ ಹೋಗಿ ಮಾತಾಡಿ ಅಂದೆ. ಮೊದಲ ಸಲ ಮಗನನ್ನು ಕರೆದುಕೊಂಡು ಹೋಗಬೇಡಿ, ಮಾತು ಬಿಸಿಯಾಗಬಹುದು. "ನೀವು ಯಾವಾಗಲೂ ಹೀಗೇ" ಅಂತ ಶುರು ಮಾಡಬೇಡಿ. "ಬೆಳಿಗ್ಗೆ ನಮ್ಮ ಗಾಡಿ ಹೊರಗೆ ತೆಗೆಯೋಕೆ ಆಗ್ತಿಲ್ಲ, ಏನು ಮಾಡೋಣ?" ಅಂತ ಕೇಳಿ. ಏನು ತೀರ್ಮಾನವಾಯಿತು ಅನ್ನೋದನ್ನು ಊಟದ ಹೊತ್ತಲ್ಲಿ, ಮಗನಿಗೆ ಕೇಳುವಂತೆ ಹೇಳಿ. ಬೈದದ್ದು ಕೇಳಿದವನಿಗೆ ಬಗೆಹರಿದದ್ದೂ ಕೇಳಬೇಕು. ಕಿವಿ ಹಿಡಿದು ಸಾರಿ ಹೇಳಿಸೋದು ಬೇಡ. ಆ ಹುಡುಗನಿಗೆ ನೀನೇನು ಮಾಡಬಹುದು ಅಂತ ಅವನನ್ನೇ ಕೇಳಿ.

ಹೊರಡುವಾಗ ತಾಯಿ ಮೆಲ್ಲಗೆ ಇನ್ನೊಂದು ವಿಷಯ ಹೇಳಿದರು. ಗಂಡ ಹೆಂಡತಿ ಜಗಳ ಮಗನ ಮುಂದೆಯೇ ನಡೆಯುತ್ತದೆ. ರಾಜಿ ಮಾತ್ರ ಅವನು ಮಲಗಿದ ಮೇಲೆ. ನನಗೆ ಕಾರಿಗಿಂತ ಇದೇ ಜಾಸ್ತಿ ಮುಖ್ಯ ಅನ್ನಿಸಿತು. ರಾಜಿಯೂ ಅವನ ಕಣ್ಣಿಗೆ ಬೀಳಲಿ ಅಂದೆ. "ಮಕ್ಕಳ ಮುಂದೆ ತಪ್ಪಾಯ್ತು ಅನ್ನಬೇಕಾ?" ಎಂದು ತಂದೆ ಮುಖ ಗಂಟಿಕ್ಕಿದರು. ಹೌದು, ಅಲ್ಲೇ ಅನ್ನಬೇಕು. ಅವರಿಗೆ ಇದು ಪೂರ್ತಿ ಒಪ್ಪಿಗೆಯಾಗಲಿಲ್ಲ.

ಎರಡೂ ಮನೆಯವರು ಈಗಲೂ ಸ್ನೇಹಿತರಲ್ಲ, ಆಗಲೇಬೇಕು ಅಂತಲೂ ಇಲ್ಲ. ಕಾರು ಅಡ್ಡ ಬಂದರೆ ಫೋನ್ ಮಾಡುತ್ತಾರೆ. ಮಕ್ಕಳು ಮತ್ತೆ ಒಟ್ಟಿಗೆ ಆಡುತ್ತಿದ್ದಾರೆ. ಶಾಲೆಯಲ್ಲೂ ಹೊಡೆದಾಟ ಶುರುವಾದರೆ ತಡ ಮಾಡದೆ ಬನ್ನಿ ಎಂದಿದ್ದೇನೆ.